ಎಂಟನೇ ಮೈಲಿಯಲ್ಲಿ ಏಳು ಸಾವಿರ ಆರ್‌ಪಿಎಂ

ಬೆಂಗಳೂರಿನ ಬಾಗಲಗುಂಟೆಯಲ್ಲಿ ಹಳೇ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರ ಹತ್ತಿರ ಮಗನ ಮಾರ್ಕ್ಸ್ ಬೇಕಾದರೂ ಕೇಳಿ, ಟರ್ಬೊ ಮಾತೆತ್ತಬೇಡಿ. 2000ದ ಹೊತ್ತಿಗೆ ಬಂದ ಆ ಕಾರಿನ ಒಂದೂವರೆ ಲೀಟರ್ ಎಂಜಿನ್ನು ಬರೀ ಸ್ವಂತ ಉಸಿರಿನಲ್ಲೇ 106 ಕುದುರೆ ಓಡಿಸುತ್ತಿತ್ತು. ಅದೂ ಸಾಲದವರಿಗೆ ಪಕ್ಕದಲ್ಲೇ ಪೀಣ್ಯದ ವರ್ಕ್‌ಶಾಪುಗಳಿವೆಯಲ್ಲ!

ನಮ್ಮ ಪಕ್ಕದ್ಮನೆ ಹುಡುಗ ತನ್ನ ವಿಟೆಕ್‌ಗೆ ಫೋರ್ಜ್ಡ್ ಪಿಸ್ಟನ್ ತರಿಸಿಕೊಂಡು ಅಲ್ಲಿನ ಸಿಲಿಂಡರ್ ಬೋರಿಂಗ್ ಅಂಗಡಿಗೆ ಹೋದ. ಮೇಸ್ತ್ರಿ ಬೋರ್ ಗೇಜನ್ನು ಸಿಲಿಂಡರಿಗಿಳಿಸಿ, ಮುಳ್ಳು ನೋಡಿ, ಅಡ್ಡಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿ ಕೇಳಿದರು: "ರೇಸಿಗಾ ಸಾರ್, ರೋಡಿಗಾ?"

"ಎರಡಕ್ಕೂ ಅಣ್ಣ."

"ಹಂಗಾದ್ರೆ ಕೇಳಿ. ಈ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತೆ, ಸಂದು ಜಾಸ್ತಿ ಬಿಡ್ಬೇಕು. ಬೆಳಿಗ್ಗೆ ಟಕಟಕ ಅನ್ನುತ್ತೆ, ವಾಪಸ್ ತರ್ಬೇಡಿ."

ಕಂಪ್ರೆಷನ್ ಏರಿತು, ಸಾದಾ ಪೆಟ್ರೋಲ್ ಹಿಡಿಸದಾಯಿತು. ಹೊಸ ಕ್ಯಾಮ್‌ಶಾಫ್ಟ್ ಬಂತು. ನಿಂತಲ್ಲೇ ಕಾರು ಕುಲುಕತೊಡಗಿತು. "ಇದಕ್ಕೂ ಕಷಾಯ ಮಾಡ್ಲೇನೋ?" ಅಂದರು ಅವನಮ್ಮ. ಶಕ್ತಿಯೆಲ್ಲ ಐದು ಸಾವಿರ ಆರ್‌ಪಿಎಂ ದಾಟಿದ ಮೇಲೆ ಏಳುತ್ತದಂತೆ. ಎಂಟನೇ ಮೈಲಿ ಸಿಗ್ನಲ್ಲಿನಲ್ಲಿ ಮುಂದೆ ಬಿಎಂಟಿಸಿ, ಹಿಂದೆ ಗೂಡ್ಸ್ ಆಟೊ, ಎಬ್ಬಿಸುವುದಾದರೂ ಎಲ್ಲಿ?

ಅಂದಹಾಗೆ ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ನು ಹತ್ತರಲ್ಲೊಂದು ಪಾಲು ಶಕ್ತಿ ಬಿಟ್ಟುಕೊಡುತ್ತದೆ. ಅಂದರೆ ಅವನ ದುಡ್ಡಿನ ಒಂದು ಭಾಗ ಘಟ್ಟ ಇಳಿದರೆ ಪುಕ್ಕಟೆ ಸಿಗುವ ಶಕ್ತಿಗೇ ಹೋಯಿತು. ಇದನ್ನು ಹೇಳಿದೆ. ತಲೆದೂಗಿದ. ಈಗ ಮಂಗಳೂರಲ್ಲಿ ಕೆಲಸ ಹುಡುಕುತ್ತಿದ್ದಾನೆ.