ಪಕ್ಷಮೀಮಾಂಸೆ: ರಿಮೋಟ್ ವಿಮಾನದ ರೆಕ್ಕೆ ಕುರಿತು ಒಂದು ಜಿಜ್ಞಾಸೆ

ಸಂಸ್ಕೃತದಲ್ಲಿ ‘ಪಕ್ಷ’ ಎಂದರೆ ರೆಕ್ಕೆಯೂ ಹೌದು, ವಾದದ ಒಂದು ಮಗ್ಗುಲೂ ಹೌದು. ಇಂಥ ಶ್ಲೇಷೆ ಕೈಯಲ್ಲಿದ್ದೂ ಪಂಡಿತರು ರಿಮೋಟ್ ವಿಮಾನದ ಕಡೆ ತಲೆಯೆತ್ತಿ ನೋಡದಿದ್ದದ್ದು ಶಾಸ್ತ್ರಲೋಕದ ದೊಡ್ಡ ಕೊರತೆ. ಅದನ್ನು ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ಇಲ್ಲಿ ಪೂರ್ವಪಕ್ಷವೆಂದರೆ ಹೊಸಬ ಮೊದಲು ಕೊಳ್ಳುವ ಒಂದು ಮೀಟರ್ ರೆಕ್ಕೆಯ ಫೋಮ್ ವಿಮಾನ. ಅದು ಮುರಿದ ಮೇಲೆ ಕೊಳ್ಳುವ ಎರಡು ಮೀಟರಿನದೇ ಉತ್ತರಪಕ್ಷ.

ಪೂರ್ವಪಕ್ಷದ ವಾದ ಚಿಕ್ಕದು: ಸಣ್ಣದು ಅಗ್ಗ, ಕಾರಿನ ಹಿಂದಿನ ಸೀಟಿಗೆ ಹಿಡಿಸುತ್ತದೆ, ಬಿದ್ದರೂ ಹೊಟ್ಟೆ ಅಷ್ಟು ಉರಿಯುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಪ್ರತ್ಯಕ್ಷ ಪ್ರಮಾಣದಿಂದಲೇ ಬರುತ್ತದೆ. ಒಳ್ಳೆಯ ಕಣ್ಣು ಬಿಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲನ್ನು ಮಾತ್ರ. 200 ಮೀಟರ್ ದೂರದಲ್ಲಿ ಅದು ಸುಮಾರು 6 ಸೆಂಟಿಮೀಟರ್. ಆ ದೂರದಲ್ಲಿ ಎರಡು ಮೀಟರಿನ ರೆಕ್ಕೆ ಹುಣ್ಣಿಮೆ ಚಂದ್ರನಿಗಿಂತ ತುಸು ಅಗಲವಾಗಿ ಕಂಡರೆ, ಒಂದು ಮೀಟರಿನದು ಅರ್ಧಚಂದ್ರನಷ್ಟೇ. ಆಗ ಶುರುವಾಗುತ್ತದೆ ರಜ್ಜು-ಸರ್ಪ ಭ್ರಾಂತಿ. ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ? ಬೆಳ್ಳಗಿನ ಆಕಾಶದ ಮುಂದೆ ಎರಡರ ನೆರಳೂ ಒಂದೇ. ಎದುರಿಗೆ ಬರುವಾಗಲಂತೂ ಅದರ ಎಡ ನಮ್ಮ ಬಲ. ತಗ್ಗಿದ ರೆಕ್ಕೆಯ ಕಡೆಗೇ ಟ್ರಾನ್ಸ್‌ಮಿಟರಿನ ಕಡ್ಡಿ ತಳ್ಳಿ ಅದಕ್ಕೆ ಆಸರೆ ಕೊಡಬೇಕೆಂಬುದು ಗುರುಮುಖೇನ ಬಂದ ಸೂತ್ರ. ಆದರೆ ತಗ್ಗಿದ್ದು ಯಾವುದೆಂದು ಕಂಡರೆ ತಾನೇ?

ಪ್ರತ್ಯಕ್ಷ ಕೈಕೊಟ್ಟಲ್ಲಿ ಉಳಿದ ಪ್ರಮಾಣಗಳು ಮುಂದೆ ಬರುತ್ತವೆ. ಉಪಮಾನ: ಹದ್ದಿನಂತೆ ಕಾಣುವುದೇ ವಿಮಾನ ಎಂದು ನಂಬಿದಾತ ಒಂದಷ್ಟು ಹೊತ್ತು ಹದ್ದನ್ನೇ ನಡೆಸುತ್ತಾನೆ, ಹದ್ದಿಗೆ ಅದು ತಿಳಿಯುವುದಿಲ್ಲ. ಶಬ್ದ: ಮರಗಳ ಹಿಂದಿನಿಂದ ‘ಪಟ್’. ಅನುಮಾನಕ್ಕೆ ಇನ್ನು ಕೆಲಸವೇ ಉಳಿಯುವುದಿಲ್ಲ.

ಇಳಿಸುವ ಪ್ರಕರಣದಲ್ಲಿ ಗೆಲಿಲಿಯೊನನ್ನು ಸಾಕ್ಷಿಗೆ ಕರೆಯಬೇಕು. ಅಳತೆ ಎರಡುಪಟ್ಟಾದರೆ ಮೇಲ್ಮೈ ನಾಲ್ಕುಪಟ್ಟು, ತೂಕ ಎಂಟುಪಟ್ಟು ಎಂಬ ಲೆಕ್ಕವನ್ನು ಆತ 1638ರಲ್ಲೇ ಅಚ್ಚು ಹಾಕಿಸಿದ್ದ. ಆ ಪ್ರಕಾರ ಅದೇ ನಕ್ಷೆಯನ್ನು ಸುಮ್ಮನೆ ಹಿಗ್ಗಿಸಿದರೆ ರೆಕ್ಕೆಯ ಪ್ರತಿ ಚದರ ಅಂಗುಲ ಎರಡುಪಟ್ಟು ಭಾರ ಹೊರಬೇಕು. ಕೆಳಗೆ ಬೀಳದಿರಲು ಬೇಕಾದ ವೇಗ ಶೇ 41ರಷ್ಟು ಏರುತ್ತದೆ. ಪೂರ್ವಪಕ್ಷದವರು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ. ಕಣ್ಣಿನ ಬಳಿ ಸ್ಪೀಡೋಮೀಟರ್ ಇಲ್ಲ. ಚಣಕ್ಕೆ ಎಷ್ಟು ಮೈಯುದ್ದ ಸರಿಯಿತು ಎಂಬುದೇ ಅದರ ಅಂದಾಜು. ಮೈಯುದ್ದವೇ ಎರಡುಪಟ್ಟಾದ್ದರಿಂದ ಆ ಲೆಕ್ಕದಲ್ಲಿ ದೊಡ್ಡದು ಶೇ 29ರಷ್ಟು ನಿಧಾನ. ಆನೆ ತೂಗುತ್ತ ನಡೆಯುವಂತೆ ಕಾಣುತ್ತದೆ, ಪಕ್ಕದಲ್ಲಿ ಹೆಜ್ಜೆ ಹಾಕುವವನಿಗಷ್ಟೇ ಗೊತ್ತು ಓಡಬೇಕೆಂದು. ಬಾಲ್ಸಾ ಮರದಲ್ಲಿ ಹಗುರವಾಗಿ ಕಟ್ಟಿದ ಆನೆ ನಿಜಕ್ಕೂ ನಿಧಾನ. ಅಂಗಡಿಯಲ್ಲಿ ರೆಕ್ಕೆಯ ಅಗಲವನ್ನಷ್ಟೇ ಕೇಳಿ ತೂಕ ಕೇಳದವನು ಅರ್ಧ ಶಾಸ್ತ್ರ ಓದಿದವನು.

ಸ್ಮೃತಿಗಳೂ ಉತ್ತರಪಕ್ಷದ ಕಡೆಗಿವೆ. 1937ರಲ್ಲಿ ಅಮೆರಿಕದ ಕಲಮಜೂ ಊರಿನಲ್ಲಿ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿಗಳು ರೇಡಿಯೊದಿಂದ ನಡೆಸಿದ ‘ಗಫ್’ನ ರೆಕ್ಕೆ ಎಂಟು ಅಡಿ. (ಕಣ್ಣಿನ ಹಿತಕ್ಕಲ್ಲ, ಆ ಕಾಲದ ರೇಡಿಯೊ ಮತ್ತು ಬ್ಯಾಟರಿಗಳನ್ನು ಹೊರಲು. ವಾದಿಗಳು ಇದನ್ನು ಮೆಲ್ಲಗೆ ಹೇಳುತ್ತಾರೆ.) ದೊಡ್ಡ ಮಾದರಿಗಳದೇ ಆದ ಅಮೆರಿಕದ ಸಂಘವೊಂದು ಒಂಟಿ ರೆಕ್ಕೆಗೆ 80 ಅಂಗುಲ, ಜೋಡಿ ರೆಕ್ಕೆಗೆ 60 ಅಂಗುಲ ಎಂದು ದೈತ್ಯಕುಲದ ಲಕ್ಷಣವನ್ನೇ ಬರೆದಿಟ್ಟಿದೆ. 79 ಅಂಗುಲದವನ ಕುಲಗೋತ್ರ ಇನ್ನೂ ಚರ್ಚಾಸ್ಪದ.

ಸಿದ್ಧಾಂತ ಇಲ್ಲಿಗೆ ಮುಗಿಯಬೇಕಿತ್ತು, ಮಾದರಿ ವಿಮಾನ ಕಟ್ಟುತ್ತಿದ್ದ ಮೇನಾರ್ಡ್ ಹಿಲ್ ಅಡ್ಡ ಬರದಿದ್ದರೆ. 2003ರ ಆಗಸ್ಟಿನಲ್ಲಿ ಈತನ ತಂಡದ ವಿಮಾನ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು 38 ಗಂಟೆ 52 ನಿಮಿಷ ಹಾರಿ ಐರ್ಲೆಂಡ್ ಮುಟ್ಟಿತು. ರೆಕ್ಕೆ ಬರೀ ಆರು ಅಡಿ, ತೂಕ 5 ಕಿಲೋದೊಳಗೆ. ಕಟ್ಟಿದ ಹಿಲ್‌ಗೆ 77 ವರ್ಷ. ಕಾನೂನಿನ ಪ್ರಕಾರ ಅಂಧ, ಕಿವಿಯೂ ಮಂದ. ಪ್ರತ್ಯಕ್ಷವೂ ಇಲ್ಲ, ಶಬ್ದವೂ ಇಲ್ಲ, ಅಟ್ಲಾಂಟಿಕ್ ದಾಟಿಯೇಬಿಟ್ಟಿತು! ಉತ್ತರಪಕ್ಷದವರು ಕೆಲಹೊತ್ತು ಕಂಗೆಟ್ಟು, ಆಮೇಲೆ ಸಮಾಧಾನ ಹುಡುಕಿದರು: ಸಮುದ್ರದ ಮೇಲೆ ನಡೆಸಿದ್ದು ಜಿಪಿಎಸ್ ಆಟೋಪೈಲಟ್. ಕೊನೆಗೆ ಐರ್ಲೆಂಡಿನ ದಡದಲ್ಲಿ ಟ್ರಾನ್ಸ್‌ಮಿಟರ್ ಹಿಡಿದು ಅದನ್ನು ನೆಲಕ್ಕಿಳಿಸಿದವನು ಕಣ್ಣು ನೆಟ್ಟಗಿದ್ದ ಇನ್ನೊಬ್ಬ.