ಪ್ರಳಯದ ನಂತರದ ಗುಜರಿ

ಲೋಕ ಮುಳುಗಿದ ಮೇಲೆ ಅಲ್ಯೂಮಿನಿಯಂ ತಪ್ಪಲೆಗೆ ಏನು ಬೆಲೆ? ನಮ್ಮ ಪುರಾಣಿಕರು ಇದನ್ನು ತಲೆಗೆ ಹಚ್ಚಿಕೊಂಡಂತಿಲ್ಲ. ಹಚ್ಚಿಕೊಂಡವರು ಅಮೆರಿಕದ ದಾಳದಾಟದವರು. ಮೇಜಿನ ಸುತ್ತ ಕೂತು ಒಬ್ಬ ಕತೆ ನಡೆಸುತ್ತಾನೆ, ಉಳಿದವರು ತಲೆಗೊಂದು ಪಾತ್ರವಾಗಿ ದಾಳ ಉರುಳಿಸುತ್ತಾರೆ.

1978ರ 'ಗಾಮಾ ವರ್ಲ್ಡ್' ಆಟದಲ್ಲಿ ಮಹಾಯುದ್ಧವಾಗಿ ನಾಗರಿಕತೆ ನಾಶವಾಗಿದೆ. ಉಳಿದವರಿಗೆ ಹಳೆಯ ಯಂತ್ರ ಸಿಕ್ಕರೆ ಅದೇನೆಂದೇ ತಿಳಿಯದು. ಬಾಣದ ಗುರುತಿನ ನಕ್ಷೆಯ ಮೇಲೆ ದಾಳ ಹಾಕುತ್ತ ಮನೆಯಿಂದ ಮನೆಗೆ ಸಾಗಬೇಕು. ಅದೃಷ್ಟವಿದ್ದರೆ ಮರ್ಮ ತಿಳಿಯುತ್ತದೆ, ಇಲ್ಲವಾದರೆ ತಲೆಬುರುಡೆಯ ಮನೆ. ಹೊಸ ವಾಷಿಂಗ್ ಮಷೀನಿನ ಮುಂದೆ ನಿಂತವರಿಗೆ ಈ ನಕ್ಷೆ ಪರಿಚಿತವೇ.

ನನಗೆ ಹೆಚ್ಚು ಹಿಡಿಸಿದ್ದು 1991ರ 'ಡಾರ್ಕ್ ಸನ್'. ಅಲ್ಲಿ ಮಾಟಗಾರರು ನೆಲದ ಸತ್ವ ಹೀರಿ ಮರಳುಗಾಡು ಮಾಡಿದ್ದಾರೆ. ಲೋಹ ಅಪರೂಪ, ನಾಣ್ಯವೂ ಸುಟ್ಟ ಮಣ್ಣಿನದು. ಮೂಳೆಯ ಕತ್ತಿಗೆ ಪೆಟ್ಟಿನಲ್ಲಿ ಒಂದಂಕ ಕಡಿತ, ಮರದ್ದಕ್ಕೆ ಎರಡು. ಅದೂ ಏಟು ಭರ್ಜರಿಯಾಗಿ ಬಿದ್ದ ಗಳಿಗೆಯಲ್ಲೇ ಮುರಿಯುವ ಭಯ! ಶೂರನನ್ನು ಹದ್ದಿನಲ್ಲಿಡಲು ಇದಕ್ಕಿಂತ ಒಳ್ಳೆಯ ನಿಯಮ ನಾನು ಕಂಡಿಲ್ಲ.

ಆದರೆ ನಮ್ಮ ಕಾಲದ ಸಾಮಾನಿಗೆ ನಿಯಮ ಬರೆಯುವುದು ಬಹಳ ಫಜೀತಿ. ಅಲ್ಯೂಮಿನಿಯಂ ಕತ್ತಿ ಕಬ್ಬಿಣದ ಮೂರನೇ ಒಂದು ಪಾಲು ತೂಕ, ಬೀಸಲು ಹಾಯಾಗಿರುತ್ತದೆ. ಎದುರಿನವನ ಗುರಾಣಿಗೆ ತಾಗಿದರೆ ಮಾತ್ರ ಬಾಯಿ ಮಡಚಿಕೊಳ್ಳುತ್ತದೆ. ಆದರೂ 660 ಡಿಗ್ರಿಗೆ ಕರಗುವುದರಿಂದ ಇದ್ದಿಲು, ತಿದಿ ಸಾಕು. ಕಬ್ಬಿಣಕ್ಕೆ 1538 ಬೇಕು. ಬೆಲೆ ಏರಿಳಿಯುವುದೂ ಕಟ್ಟುಕತೆಯಲ್ಲ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅಲ್ಯೂಮಿನಿಯಂ ಕೂರಿಸಿದಾಗ ಅದು ಬೆಳ್ಳಿಯ ಪಂಕ್ತಿಯ ಲೋಹ. 1886ರಲ್ಲಿ ವಿದ್ಯುತ್ತಿನಿಂದ ತೆಗೆಯುವ ವಿಧಾನ ಸಿಕ್ಕಿತು, ಮುಂದೆ ಅಡುಗೆಮನೆಗೆ ಇಳಿಯಿತು.

ನೀರಿನ ಪ್ಲಾಸ್ಟಿಕ್ ಬಾಟಲಿ ಮರಳುಗಾಡಿನಲ್ಲಿ ರಾಜಮರ್ಯಾದೆಯ ವಸ್ತು. ಕುದಿಯುವ ನೀರು ಸುರಿದರೆ ಸುರುಟಿ ಮುದುಡುತ್ತದೆ, ಅಷ್ಟೇ ಅದರ ದೌರ್ಬಲ್ಯ. ಪೆಟ್ರೋಲಿನ ಮೇಲೆ ಭರವಸೆ ಬೇಡ, ವರ್ಷಗಟ್ಟಲೆ ಇಟ್ಟರೆ ಕೆಡುತ್ತದೆ. ಸತ್ತ ಲಾರಿಯೇ ನಿಜವಾದ ನಿಧಿ. ಅದರ ಸ್ಪ್ರಿಂಗ್ ಪಟ್ಟಿಯಿಂದ ನೇಪಾಳದ ಕಮ್ಮಾರರು ಇಂದಿಗೂ ಖುಕ್ರಿ ಬಡಿಯುತ್ತಾರೆ; ಟೈರು ಚಪ್ಪಲಿಯಾಗುವುದನ್ನು ನಮ್ಮ ಹಳ್ಳಿಗಳೂ ಕಂಡಿವೆ.

ಇಂಥ ಆಟಕ್ಕೆ ಯಾರಾದರೂ ಕರೆದರೆ ನನ್ನ ಮಾತು ಕೇಳಿ: ಮಾಯಾಖಡ್ಗ ಪಕ್ಕದವರಿಗಿರಲಿ, ನೀವು ಮೊದಲು ಲಾರಿ ಹುಡುಕಿ.