ಬ್ರಾಕೆಟ್ ಮೀಮಾಂಸೆ: ಮಾರ್ಚ್ ತಿಂಗಳ ಆಫೀಸಿನಲ್ಲಿ ಅಜ್ಞಾನದ ಪಾತ್ರ

ಯಾವ ಶಾಸ್ತ್ರಕ್ಕಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂಬುದು ಪೂರ್ವಾಚಾರ್ಯರ ಮತ. ಪ್ರಸ್ತುತ ಶಾಸ್ತ್ರದ ವಿಷಯ, ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಪ್ರಯೋಜನ ಏನೂ ಇಲ್ಲ. ಸಂಬಂಧವೆಂದರೆ ಈ ಪಂದ್ಯಾವಳಿಗೂ ಆಫೀಸಿನ ಕೆಲಸಕ್ಕೂ ಇರುವಂಥದ್ದು. ಎಚ್‌ಆರ್ ವಿಭಾಗ ಅದನ್ನು ಕಂಡೂ ಕಾಣದಂತಿದೆ. ಇನ್ನು ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು, ಬ್ಯಾಸ್ಕೆಟ್‌ಬಾಲ್ ಬಲ್ಲವನಲ್ಲ. 17 ಐಪಿಎಲ್ ಕಪ್ಪುಗಳು ಪರರ ಪಾಲಾದದ್ದನ್ನು ಕಣ್ಣಾರೆ ಕಂಡು, 18ನೆಯದಕ್ಕೂ ‘ಈ ಸಲ ಕಪ್ ನಮ್ದೇ’ ಎಂದು ಎದೆ ತಟ್ಟಿಕೊಂಡ ಆರ್‌ಸಿಬಿ ಅಭಿಮಾನಿಯೇ ಉತ್ತಮಾಧಿಕಾರಿ. 2025ರಲ್ಲಿ ಕಪ್ ನಿಜವಾಗಿಯೂ ಬಂದುಬಿಟ್ಟದ್ದರಿಂದ ಅವನ ಅರ್ಹತೆ ಕುಂದಿತೇ ಎಂಬ ಸೂಕ್ಷ್ಮ ಚರ್ಚೆಯನ್ನು ಗ್ರಂಥವಿಸ್ತಾರದ ಭಯದಿಂದ ಬಿಟ್ಟಿದೆ.

ಲೇಖಕನ ಕ್ಷೇತ್ರಕಾರ್ಯ ನಡೆದದ್ದು ನಾರ್ತ್ ಕೆರೊಲೈನಾದ ‘ಟ್ರಯಾಂಗಲ್’ ಎಂಬ ಸೀಮೆಯಲ್ಲಿ, ಸಂಬಳ ಪಡೆಯುತ್ತಲೇ. ಡರಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ, ರಾಲಿಯಲ್ಲಿ ಎನ್‌ಸಿ ಸ್ಟೇಟ್ ಎಂದು ಮೂರು ವಿಶ್ವವಿದ್ಯಾಲಯಗಳು, ಮೂರು ಮತಗಳು. ಡ್ಯೂಕ್‌ನವರದು ಕಡುನೀಲಿ, ಚಾಪೆಲ್ ಹಿಲ್‌ನವರದು ತಿಳಿನೀಲಿ. ಊರಿಂದ ಹೊಸದಾಗಿ ಬಂದಿಳಿದವನು ಸೇಲಿನಲ್ಲಿ ಸಿಕ್ಕಿತೆಂದು ಒಂದು ನೀಲಿ ಟೀ ಶರ್ಟು ತೊಟ್ಟು ಹೋದರೆ, ತಾನು ಯಾವ ಮತಕ್ಕೆ ಸೇರಿದೆನೆಂಬುದು ಅವನೊಬ್ಬನನ್ನು ಬಿಟ್ಟು ಇಡೀ ಆಫೀಸಿಗೆ ಗೊತ್ತಾಗುತ್ತದೆ. ಡ್ಯೂಕ್‌ಗೆ ಐದು ಪ್ರಶಸ್ತಿ ತಂದುಕೊಟ್ಟ ‘ಕೋಚ್ ಕೆ’ 2022ರಲ್ಲಿ ನಿವೃತ್ತರಾದರು. ಅವರ ಕಟ್ಟಕಡೆಯ ಪಂದ್ಯ ಸೆಮಿಫೈನಲ್, ಎದುರಾಳಿ ಪಕ್ಕದೂರಿನ ಯುಎನ್‌ಸಿಯೇ, 81–77ರಲ್ಲಿ ಸೋಲು. ತಿಳಿನೀಲಿಯವರು ಈ ಎರಡು ಸಂಖ್ಯೆಗಳನ್ನು ಇಂದಿಗೂ ಕಾಫಿ ಮಷೀನಿನ ಬಳಿ ಜಪಿಸುವುದುಂಟು, ಅದೂ ಕಡುನೀಲಿಯವರು ಸಕ್ಕರೆ ಹಾಕಿಕೊಳ್ಳುವ ಹೊತ್ತು ನೋಡಿ.

ಈಗ ಬ್ರಾಕೆಟ್‌ನ ಲಕ್ಷಣ. 68 ತಂಡಗಳು ಮೊದಲ ಜರಡಿಯಲ್ಲಿ 64 ಆಗುತ್ತವೆ. ಒಮ್ಮೆ ಸೋತವರು ಮನೆಗೆ. ಹೀಗೆ ನಡೆಯುವ 63 ಪಂದ್ಯಗಳಲ್ಲೂ ಗೆಲ್ಲುವವರಾರೆಂದು ಗುರುವಾರ ಮಧ್ಯಾಹ್ನದೊಳಗೆ, ಅಂದರೆ ಶುದ್ಧ ಆಫೀಸ್ ವೇಳೆಯಲ್ಲಿ, ಬರೆದು ಮುಗಿಸಬೇಕು. ಹೀಗೆ ಬರೆಯುವ ಹಾಳೆಯೇ ಬ್ರಾಕೆಟ್. ಅದನ್ನು ತುಂಬಬಹುದಾದ ಬಗೆಗಳು ಸುಮಾರು 92 ಸಾವಿರ ಕೋಟಿ ಕೋಟಿ. ಪೂರ್ತಿ ಸರಿಯಾಗಿ ತುಂಬಿದವರಿಗೆ 100 ಕೋಟಿ ಡಾಲರ್ ಎಂದು 2014ರಲ್ಲಿ ವಾರನ್ ಬಫೆಟ್ ಪಣವೊಡ್ಡಿದರು. ಹಣ ಅವರಲ್ಲೇ ಉಳಿಯಿತು.

ಆಫೀಸಿನ ಬ್ರಾಕೆಟ್ ಸ್ಪರ್ಧೆಯಲ್ಲಿ ಆಟ ಬಲ್ಲವನೇ ಗೆಲ್ಲುತ್ತಾನೆ ಎಂಬುದು ಪೂರ್ವಪಕ್ಷ. ಇದನ್ನು ಖಂಡಿಸಲು ಮೂಲಪುರುಷನಿಂದಲೇ ಹೊರಡೋಣ. 1891ರಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟವನ್ನು ಸೃಷ್ಟಿಸಿದ ಜೇಮ್ಸ್ ನೈಸ್ಮಿತ್ ಆಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೋಚ್ ಆದರು. 55 ಗೆದ್ದರು, 60 ಸೋತರು. ಅಲ್ಲಿನ ಕೋಚ್‌ಗಳ ಪೈಕಿ ಗೆಲುವಿಗಿಂತ ಸೋಲೇ ಹೆಚ್ಚಾದವರು ಅವರೊಬ್ಬರೇ. ನಿಯಮ ಬರೆದವನ ಗತಿಯೇ ಇದಾದರೆ ನಿಯಮ ಓದಿದವನ ಪಾಡೇನು? ಹಾಗೆಯೇ, ಒಂದನೇ ಶ್ರೇಯಾಂಕದ ತಂಡ ಹದಿನಾರನೆಯದಕ್ಕೆ ಸೋಲುವುದಿಲ್ಲವೆಂಬ ವಾಕ್ಯಕ್ಕೆ 135 ಪಂದ್ಯಗಳ ಪ್ರಮಾಣವಿತ್ತು. ಆದರೆ 2018ರಲ್ಲಿ ಒಂದನೆಯ ವರ್ಜೀನಿಯಾವನ್ನು ಹದಿನಾರನೆಯ ಯುಎಂಬಿಸಿ ಎಂಬ ವಿಶ್ವವಿದ್ಯಾಲಯ 74–54ರಲ್ಲಿ ಮಣ್ಣು ಮುಕ್ಕಿಸಿತು. ಅಲ್ಲಿಯವರೆಗೆ ಯುಎಂಬಿಸಿ ಹೆಸರು ಮಾಡಿದ್ದು ಚದುರಂಗದಲ್ಲಿ. ಆ ವರ್ಷ ವರ್ಜೀನಿಯಾ ಎಂದು ಬರೆದ ಬಲ್ಲವರೆಲ್ಲ ಕೆಟ್ಟರು. ಮರುವರ್ಷ ಹೆದರಿ ವರ್ಜೀನಿಯಾವನ್ನು ಬಿಟ್ಟು ಬರೆದರು. 2019ರ ಪ್ರಶಸ್ತಿ ಗೆದ್ದದ್ದು ವರ್ಜೀನಿಯಾ.

ಪ್ರತ್ಯಕ್ಷ ಪ್ರಮಾಣವೂ ಉಂಟು. ನಮ್ಮ ಆಫೀಸಿನ ಡೇಟಾ ಪರಿಣತನೊಬ್ಬ ವಾರಗಟ್ಟಲೆ ಕೂತು ಒಂದು ಮಾಡೆಲ್ ಕಟ್ಟಿದ. ಅದೇ ಸಲ ಸಹೋದ್ಯೋಗಿಯ ತಾಯಿ, ಸೊಸೆಯ ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದಿದ್ದವರು, ಮಗನ ಬ್ರಾಕೆಟ್ಟನ್ನು ಟೀವಿ ನೋಡುತ್ತ ತುಂಬಿಸಿದರು. ಯಾವ ಕೋಚ್ ಕಡಿಮೆ ಕಿರುಚುತ್ತಾನೋ ಆ ತಂಡಕ್ಕೆ ಗೆಲುವು.

“ಅಮ್ಮ, ಹಂಗೆಲ್ಲ ಬರೆಯೋಕಾಗಲ್ಲ,” ಎಂದ ಮಗ.

“ಸುಮ್ನಿರೋ. ಬೈಯೋ ಮೇಷ್ಟ್ರ ಹುಡುಗ್ರು ಪರೀಕ್ಷೇಲಿ ಹೆದರ್ಕೊಳ್ತಾವೆ.”

ಅಮ್ಮನಿಗೆ ಎರಡನೇ ಸ್ಥಾನ. ಮಾಡೆಲ್ ಎಲ್ಲಿತ್ತೆಂದು ಕೇಳುವುದು ಸೌಜನ್ಯವಲ್ಲ.

ಇಲ್ಲೊಂದು ಆಕ್ಷೇಪ: ಇದರಿಂದ ಕೆಲಸ ಕೆಡುವುದಿಲ್ಲವೇ? ಸಮಾಧಾನ ಹೀಗಿದೆ. ಸಿಬಿಎಸ್ ಟೀವಿಯವರು ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ತೋರಿಸತೊಡಗಿದಾಗ ಪಕ್ಕದಲ್ಲೇ ‘ಬಾಸ್ ಬಟನ್’ ಎಂಬುದನ್ನಿಟ್ಟರು. ಒತ್ತಿದರೆ ಆಟ ಮಾಯವಾಗಿ ಒಂದು ನಕಲಿ ಸ್ಪ್ರೆಡ್‌ಶೀಟ್ ಪ್ರತ್ಯಕ್ಷ. ನನ್ನ ಮಟ್ಟಿಗೆ ಉದ್ಯೋಗಪರ್ವದ ಅತ್ಯಂತ ಪ್ರಾಮಾಣಿಕ ದಸ್ತಾವೇಜು ಅದೇ. ಅದನ್ನು ‘ಫೈನಲ್ ಫೈನಲ್ 7’ ಎಂದು ಹೆಸರಿಟ್ಟು ಯಾರೂ ಯಾರಿಗೂ ಕಳಿಸಲಿಲ್ಲ. ಅಸಲಿ ಸ್ಪ್ರೆಡ್‌ಶೀಟ್ ಬೇರೆ ಬಗೆಯದು. ಜನವರಿಯಲ್ಲಿ ಮೇಲಿನವರು ಹನ್ನೆರಡು ತಿಂಗಳಲ್ಲಿ ಏನೇನು ಆಗಲಿದೆಯೆಂದು ಚೌಕಚೌಕವಾಗಿ ಬರೆಯುತ್ತಾರಲ್ಲ, ಅದೂ ಬ್ರಾಕೆಟ್ಟೇ. ಭೇದವಿಷ್ಟೇ: ನಮ್ಮ ಬ್ರಾಕೆಟ್ ಗುರುವಾರ ಸಂಜೆಗೆ ಹರಿದು ಕಸದ ಬುಟ್ಟಿ ಸೇರುತ್ತದೆ, ಅವರದು ಏಪ್ರಿಲ್‌ನಲ್ಲೇ ಸತ್ತಿದ್ದರೂ ಡಿಸೆಂಬರಿನವರೆಗೆ ಪ್ರತಿ ಸೋಮವಾರದ ಮೀಟಿಂಗಿಗೆ ಹಾಜರಾಗುತ್ತದೆ. ಆಟ ಶುರುವಾದ ಮೇಲೆ ನಾವು ತಿದ್ದುವಂತಿಲ್ಲ. ಅವರು ತಿದ್ದಬಹುದು, ತಿದ್ದಿದ್ದಕ್ಕೆ ಬೋನಸ್ ಕೂಡ ಉಂಟು.

ಸಿನಿಮಾ ವಿಚಾರ ಸಂಕ್ಷೇಪವಾಗಿ. 1986ರ ‘ಹೂಸಿಯರ್ಸ್’ ಹೈಸ್ಕೂಲ್ ತಂಡದ ಕಥೆಯಾದರೂ ಮ್ಯಾನೇಜರುಗಳ ಕುಲಗ್ರಂಥ. ದೊಡ್ಡ ಕ್ರೀಡಾಂಗಣ ಕಂಡು ಬೆರಗಾದ ಹಳ್ಳಿ ಹುಡುಗರಿಗೆ ಕೋಚ್ ಪಾತ್ರದ ಜೀನ್ ಹ್ಯಾಕ್‌ಮನ್ ಟೇಪು ಹಿಡಿಸಿ, ಬಾಸ್ಕೆಟ್ಟಿನ ಎತ್ತರ ಇಲ್ಲೂ 10 ಅಡಿಯೇ ಎಂದು ತೋರಿಸುತ್ತಾನೆ. ಹೊಸ ಪ್ರಾಜೆಕ್ಟಿನ ಮೊದಲ ದಿನ ಈ ದೃಶ್ಯ ಹಾಕುತ್ತಾರೆ. ಅದೇ ಚಿತ್ರದಲ್ಲಿ, ಹೇಳಿದ ಮಾತು ಕೇಳದ ಒಬ್ಬನನ್ನು ಕೂರಿಸಿ ಬರೀ ನಾಲ್ವರಿಂದ ಪಂದ್ಯ ಆಡಿಸುವ ದೃಶ್ಯವೂ ಇದೆ. ಅದನ್ನು ಹಾಕುವುದಿಲ್ಲ, ಜಾರಿಗೆ ತರುತ್ತಾರೆ.

ನಿಜವಾದ ಶ್ರುತಿವಾಕ್ಯ ಇರುವುದು ಈ ಪಂದ್ಯಾವಳಿಯ 1983ರ ಫೈನಲ್‌ನಲ್ಲಿ. ಎನ್‌ಸಿ ಸ್ಟೇಟ್ ಎದುರು ಒಲಾಜುವಾನ್, ಡ್ರೆಕ್ಸ್ಲರ್ ಇದ್ದ ಹ್ಯೂಸ್ಟನ್. 52–52. ಕಡೇ ಗಳಿಗೆಯಲ್ಲಿ ಡೆರೆಕ್ ವಿಟೆನ್‌ಬರ್ಗ್ ಬಲು ದೂರದಿಂದ ಎಸೆದ ಚೆಂಡು ಬಾಸ್ಕೆಟ್ ಮುಟ್ಟಲೇ ಇಲ್ಲ. ಕೆಳಗಿದ್ದ ಲೊರೆಂಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ತುರುಕಿದರು. ಕೋಚ್ ಜಿಮ್ ವಾಲ್ವಾನೊ ಅಪ್ಪಿಕೊಳ್ಳಲು ಯಾರಾದರೂ ಸಿಗುತ್ತಾರೇನೋ ಎಂದು ಅಂಗಳದ ತುಂಬ ಓಡಾಡಿದರು. ಎಲ್ಲರೂ ನೋಡುವುದು ಆ ಓಟವನ್ನು. ಶಾಸ್ತ್ರಕಾರ ನೋಡಬೇಕಾದ್ದು ವಿಟೆನ್‌ಬರ್ಗ್ ಅವರನ್ನು. ಅದು ಗುರಿ ತಪ್ಪಿದ ಎಸೆತವಲ್ಲ, ತಾನು ಬೇಕೆಂದೇ ಕೊಟ್ಟ ಪಾಸ್ ಎಂದು ಅವರು ಹೇಳಿಕೊಂಡೇ ಬಂದಿದ್ದಾರೆ.

ಈ ವರ್ಷದ ಅಪ್ರೈಸಲ್ ಫಾರಂನಲ್ಲಿ, ನನ್ನಿಂದ ಪೂರೈಸಲಾಗದೆ ಪಕ್ಕದ ಟೀಮಿನವರು ಮುಗಿಸಿದ ಮೂರು ಕೆಲಸಗಳ ಮುಂದೆ ‘ಪಾಸ್’ ಎಂದು ಬರೆದು ಕೊಟ್ಟಿದ್ದೇನೆ. ಮ್ಯಾನೇಜರ್ ಇನ್ನೂ ಸಹಿ ಹಾಕಿಲ್ಲ. ಅವರು ಡ್ಯೂಕ್ ಕಡೆಯವರು.